ಮೆದುಳಿನ ಸಿ.ಟಿ. ಸ್ಕ್ಯಾನ್: ಮಾವನವರಿಗೆ ಬೇಕು, ಮಗನಿಗೆ ಬೇಡವೇಕೆ?

ಪ್ರಶ್ನೆ: ನಾವು ಸೋಮವಾರಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರು. ಕಳೆದ ತಿಂಗಳು ಕಾಳುಮೆಣಸು ಕೊಯ್ಯುವಾಗ ನನ್ನ 72 ವರ್ಷದ ಮಾವನವರು ಏಣಿಯಿಂದ ಜಾರಿ ಬಿದ್ದರು. ಪ್ರಜ್ಞೆ ತಪ್ಪಿರಲಿಲ್ಲ, ಆದರೂ ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಾರೆಂಬ ಕಾರಣಕ್ಕೆ ಮಡಿಕೇರಿಯಲ್ಲಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿ, ತೊಂದರೆಯಿಲ್ಲ ಎಂದರು. ಮುಂದೆ ಬದಲಾವಣೆ ಕಂಡರೆ ಮತ್ತೊಮ್ಮೆ ಮಾಡಬೇಕಾದೀತು ಎಂದೂ ಹೇಳಿದ್ದಾರೆ. ಅದಾದ ವಾರಕ್ಕೆ 7 ವರ್ಷದ ಮಗ ಕಾಫಿ ಕಣದ ಕಟ್ಟೆಯಿಂದ ಬಿದ್ದು ಹಣೆ ಊದಿಸಿಕೊಂಡಾಗ, ನಾವೇ ಕೇಳಿದರೂ ವೈದ್ಯರು ಸ್ಕ್ಯಾನ್ ಬರೆದುಕೊಡಲಿಲ್ಲ. ಈ ವ್ಯತ್ಯಾಸವೇಕೆ? ಸ್ಕ್ಯಾನಿನಿಂದ ಕ್ಯಾನ್ಸರ್ ಬರುತ್ತದೆಂಬುದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿರುವಷ್ಟನ್ನು ನೋಡಿ ಹೇಳುವುದಾದರೆ, ಎರಡು ನಿರ್ಧಾರಗಳೂ ಸರಿಯಾಗಿಯೇ ಇವೆ. ತಲೆಗೆ ಪೆಟ್ಟಾದಾಗ ಮೊದಲು ತಿಳಿಯಬೇಕಾದದ್ದು ಒಳಗೆ ರಕ್ತ ಸೋರುತ್ತಿದೆಯೇ ಎಂಬುದು. ಹೊಸ ರಕ್ತ ಸಿ.ಟಿ. ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ಬುರುಡೆಯ ಬಿರುಕೂ ತಿಳಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಎಂ.ಆರ್.ಐ.ಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲದಿದ್ದರೂ ಅದಕ್ಕೆ ರೋಗಿ ಬಹಳ ಹೊತ್ತು ಅಲುಗಾಡದೆ ಮಲಗಬೇಕಾಗುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮೆದುಳನ್ನು ತೋರಿಸುವವರೆಗೆ, ಬುರುಡೆ ತೆರೆಯದೆ ಒಳಗಿನ ರಕ್ತಸ್ರಾವವನ್ನು ಹೀಗೆ ಕಣ್ಣಾರೆ ಕಾಣುವ ದಾರಿ ವೈದ್ಯರಿಗೆ ಇರಲಿಲ್ಲ.

ವಿಕಿರಣದ ವಿಚಾರಕ್ಕೆ ಬಂದರೆ, ತಲೆಯ ಒಂದು ಸಿ.ಟಿ.ಯಿಂದ ದೇಹಕ್ಕೆ ಸೇರುವುದು ಸುಮಾರು 2 ಮಿಲಿಸೀವರ್ಟ್ (ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ). ನೆಲ, ಬಂಡೆ, ಗಾಳಿ ಮತ್ತು ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಲೇ ಇರುತ್ತದೆ. ವಿಕಿರಣದಿಂದ ಕ್ಯಾನ್ಸರ್ ಆಗುವುದಾದರೂ ಅದಕ್ಕೆ ಹಲವು ವರ್ಷಗಳು ಬೇಕಾಗುವುದರಿಂದ, 72ರ ಹಿರಿಯರ ಮಟ್ಟಿಗೆ ಆ ಭಯ, ಈ ಕ್ಷಣದ ರಕ್ತಸ್ರಾವದ ಭಯದ ಮುಂದೆ ತೀರ ಚಿಕ್ಕದು. ಪೆಟ್ಟಿಗಾಗಿ ಮಾಡುವ ಸ್ಕ್ಯಾನಿಗೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಚುಚ್ಚುಮದ್ದು (ಚಿತ್ರ ಸ್ಪಷ್ಟವಾಗಲೆಂದು ರಕ್ತಕ್ಕೆ ಕೊಡುವ ಔಷಧ) ಬೇಕಿಲ್ಲವಾದ್ದರಿಂದ ಮೂತ್ರಪಿಂಡದ ಚಿಂತೆಯೂ ಇಲ್ಲ.

ಮಕ್ಕಳ ಲೆಕ್ಕ ಬೇರೆ. ಅವರ ಜೀವಕೋಶಗಳು ಬೆಳೆಯುತ್ತಿರುತ್ತವೆ, ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರ ಅಂದಾಜಿನಂತೆ, 10 ವರ್ಷದೊಳಗಿನ ಮಕ್ಕಳಿಗೆ ಮಾಡಿದ ಪ್ರತಿ 10,000 ತಲೆಯ ಸ್ಕ್ಯಾನ್‌ಗಳಿಗೆ ಮುಂದಿನ ಹತ್ತು ವರ್ಷಗಳಲ್ಲಿ ಒಂದು ರಕ್ತದ ಕ್ಯಾನ್ಸರ್ ಮತ್ತು ಒಂದು ಮೆದುಳಿನ ಗೆಡ್ಡೆ ಹೆಚ್ಚುವರಿಯಾಗಿ ಕಾಣಿಸಿಕೊಳ್ಳಬಹುದು. ಬಹಳ ಸಣ್ಣ ಅಪಾಯವೇ ಹೌದು. ಆದರೆ ಹಣೆಯ ಬೋರೆಯೊಂದನ್ನು ಬಿಟ್ಟರೆ ಬೇರೆ ಲಕ್ಷಣವೇ ಇಲ್ಲದ, ಎಂದಿನಂತೆ ಆಡುತ್ತಿರುವ ಮಗುವಿಗೆ ಅಷ್ಟನ್ನಾದರೂ ಏಕೆ ಕೊಡಬೇಕು? ಹಾಗೆಂದು ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಮೂಗು ಕಿವಿಗಳಿಂದ ನೀರಿನಂಥ ದ್ರವ ಸೋರಿದರೆ, ವಿಕಿರಣದ ನೆಪದಲ್ಲಿ ಸ್ಕ್ಯಾನನ್ನು ಒಂದು ಗಂಟೆಯೂ ಮುಂದೂಡಕೂಡದು.

ನನಗೆ ಹೆಚ್ಚು ಕಳವಳವಿರುವುದು ನಿಮ್ಮ ಮಾವನವರ ಬಗ್ಗೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುವುದರಿಂದ ಅದರ ಮೇಲ್ಪೊರೆಗೆ ಸೇರುವ ಸಣ್ಣ ರಕ್ತನಾಳಗಳು ಎಳೆದಂತಾಗಿರುತ್ತವೆ. ಪೆಟ್ಟಿಗೆ ಅವು ಹರಿದರೆ ರಕ್ತ ತೊಟ್ಟುತೊಟ್ಟಾಗಿ ಜಿನುಗುತ್ತದೆ, ಮಾತ್ರೆ ಸೇವಿಸುವವರಲ್ಲಿ ಇನ್ನೂ ಸುಲಭವಾಗಿ. ಬಿದ್ದ ದಿನದ ಸ್ಕ್ಯಾನ್ ಚೆನ್ನಾಗಿದ್ದರೂ ಎರಡು ಮೂರು ವಾರ, ಕೆಲವೊಮ್ಮೆ ಎರಡು ತಿಂಗಳ ಮೇಲೆ ತಲೆನೋವು, ನಡಿಗೆಯಲ್ಲಿ ತೂರಾಟ, ಒಂದು ಕೈಯ ಸೋಲು, ಮರೆವು, ಮಾತಿನ ತಡವರಿಕೆ ಕಾಣಿಸಬಹುದು. ಮನೆಯವರು ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಿಬಿಡುತ್ತಾರೆ, ನನಗೆ ನೋವಾಗುವುದು ಇಲ್ಲಿಯೇ. ಏಕೆಂದರೆ ಸಕಾಲದಲ್ಲಿ ಕಂಡುಹಿಡಿದರೆ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಆ ರಕ್ತವನ್ನು ಹೊರತೆಗೆಯಬಹುದು, ಅನೇಕರು ಮೊದಲಿನಂತಾಗುತ್ತಾರೆ. ಆದುದರಿಂದ ಇಂಥ ಬದಲಾವಣೆ ಕಂಡ ದಿನವೇ, ತಿಂಗಳಲ್ಲಿ ಎರಡನೆಯ ಸಲವಾದರೂ, ಸ್ಕ್ಯಾನ್ ಮಾಡಿಸಿ. ಭಯಪಟ್ಟು ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ವೈದ್ಯರೇ ತೀರ್ಮಾನಿಸಲಿ.

ನಮ್ಮ ಜಿಲ್ಲೆಯವರು ಮೆದುಳಿನ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿಲೋಮೀಟರ್. ಹಾಗಾಗಿ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯದೆ ಹೊರಡಿ, ಮೊದಲ ಸ್ಕ್ಯಾನಿನ ಫಿಲ್ಮ್, ಸಿ.ಡಿ. ಹಾಗೂ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಹಳೆಯ ಚಿತ್ರ ಕೈಯಲ್ಲಿದ್ದರೆ ಹೊಸದರೊಂದಿಗೆ ಹೋಲಿಸಲು ಅಲ್ಲಿನ ವೈದ್ಯರಿಗೆ ಅನುಕೂಲವಾಗುತ್ತದೆ.