ಬಿಷಪ್ಪರ ಮನೆಯ ಕಲ್ಲು ಎಲ್ಲಿಗೆ ಹೋಯ್ತು?

ಪ್ರಶ್ನೆ: ಮಗಳು ಇಂಗ್ಲೆಂಡಿನ ಲಿಂಕನ್‌ನಲ್ಲಿ ಓದುತ್ತಿದ್ದಾಳೆ. ಪಕ್ಕದ ನೆಟಲ್‌ಹ್ಯಾಮ್ ಹಳ್ಳಿಗೆ ಹೋಗಿ ಒಂದು ಹುಲ್ಲುಗಾವಲಿನ ಫೋಟೋ ಕಳಿಸಿದ್ದಳು. ಅಲ್ಲಿ ಹಿಂದೆ ಬಿಷಪ್ಪರ ದೊಡ್ಡ ಮನೆ ಇತ್ತಂತೆ. ಈಗ ಬರೀ ಉಬ್ಬುತಗ್ಗು. ಬಿಷಪ್ಪರಿಗೆ ಹಳ್ಳಿಯಲ್ಲಿ ಮನೆ ಯಾಕೆ? ಅಷ್ಟು ದೊಡ್ಡ ಮನೆ ಮಾಯವಾಗೋದು ಹೇಗೆ?
– ಒಬ್ಬ ಓದುಗರು, ಮಂಡ್ಯ

ಉತ್ತರ: ನಮ್ಮ ಕಡೆ ಮಠಗಳಿಗೆ ಬಿಟ್ಟುಕೊಟ್ಟ ಮಾನ್ಯದ ಹಳ್ಳಿಗಳು ಇದ್ದವಲ್ಲ, ಹೆಚ್ಚುಕಮ್ಮಿ ಹಾಗೇ. ಲಿಂಕನ್ ಬಿಷಪ್ಪರ ಸೀಮೆ ಆಗ ಹಂಬರ್ ನದಿಯಿಂದ ಥೇಮ್ಸ್ ನದಿವರೆಗೂ ಹಬ್ಬಿತ್ತು. ಕುದುರೆ ಮೇಲೆ ಓಡಾಡಬೇಕು, ಜೊತೆಗೆ ದೊಡ್ಡ ಪರಿವಾರ. ಅದಕ್ಕೇ ತಮ್ಮ ಜಮೀನಿದ್ದ ಹಳ್ಳಿಗಳಲ್ಲಿ ಮನೆ ಕಟ್ಟಿಸಿಕೊಂಡು, ಅಲ್ಲೇ ಬೆಳೆದಿದ್ದನ್ನು ಉಂಡು, ಸ್ವಲ್ಪ ದಿನ ಇದ್ದು ಮುಂದಿನ ಮನೆಗೆ ಹೋಗುತ್ತಿದ್ದರು. ಇಂಥ ಮನೆಗೆ ಅಲ್ಲಿ ಮೇನರ್ ಅನ್ನುತ್ತಾರೆ.

ನಿಮ್ಮ ಮಗಳು ನಿಂತಿದ್ದ ಜಾಗ ಸಾಮಾನ್ಯದ್ದಲ್ಲ. 1301ರಲ್ಲಿ ಲಿಂಕನ್‌ನಲ್ಲಿ ಪಾರ್ಲಿಮೆಂಟ್ ಸೇರಿದಾಗ ದೊರೆ ಒಂದನೇ ಎಡ್ವರ್ಡ್ ಉಳಿದುಕೊಂಡಿದ್ದು ಆ ಮನೆಯಲ್ಲೇ. ಮಗನಿಗೆ ವೇಲ್ಸ್ ರಾಜಕುಮಾರನ ಪಟ್ಟ ಕೊಟ್ಟಿದ್ದೂ ಅದೇ ದಿನಗಳಲ್ಲಿ, ಫೆಬ್ರುವರಿ 7ರಂದು.

1536ರಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸುತ್ತಿದ್ದಾಗ ಲಿಂಕನ್‌ಶೈರ್ ಜನ ದಂಗೆ ಎದ್ದರು. ಆಗ ಈ ಮನೆಗೂ ಏಟು ಬಿತ್ತು. ಆಮೇಲೆ ಯಾರೂ ಸರಿಯಾಗಿ ನೋಡಿಕೊಳ್ಳಲಿಲ್ಲ, 17ನೇ ಶತಮಾನದಲ್ಲಿ ಕೆಡವಿದರು. ಕೆತ್ತಿದ ಕಲ್ಲು ರೆಡಿ ಸಿಗುವಾಗ ಗಣಿಯಿಂದ ಯಾರು ತರುತ್ತಾರೆ ಹೇಳಿ? ಶ್ರೀರಂಗಪಟ್ಟಣದಲ್ಲೂ ಆಗಿದ್ದು ಇದೇ ಅಲ್ವಾ! ಟಿಪ್ಪು ವಾಸವಿದ್ದ ಲಾಲ್ ಮಹಲ್‌ನ ತಳಪಾಯ ಮಾತ್ರ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಉಳಿದಿದೆ. ಪಟ್ಟಣದ ಅರಮನೆಯಿಂದ ಕಿತ್ತ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್‌ನಲ್ಲಿವೆ. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ಮನೆ ಪೂರ್ತಿ ಮಾಯ ಆಗುವುದಿಲ್ಲ. ಗೋಡೆಯ ಬುಡದ ಕಲ್ಲನ್ನೂ ಅಗೆದು ಒಯ್ದಿದ್ದರೆ ಆ ಗೋಡೆ ಹೋದ ದಾರಿಯಲ್ಲೇ ಉದ್ದಕ್ಕೆ ತಗ್ಗು ಬೀಳುತ್ತದೆ. ಕಲ್ಲು ಒಳಗೇ ಉಳಿದಿದ್ದರೆ ಅದರ ಮೇಲೆ ಮಣ್ಣು ತೆಳು, ಹಾಗಾಗಿ ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಮೊದಲು ಒಣಗಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮಗಳು ಮಟಮಟ ಮಧ್ಯಾಹ್ನ ಫೋಟೋ ತೆಗೆದಿರಬೇಕು. ಚಳಿಗಾಲದ ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಇನ್ನೊಮ್ಮೆ ಹೋಗಲು ಹೇಳಿ. ಉಬ್ಬುಗಳ ನೆರಳು ಉದ್ದಕ್ಕೆ ಚಾಚಿ, ಕೋಣೆ ಎಲ್ಲಿತ್ತು, ಅಂಗಳ ಎಲ್ಲಿತ್ತು ಅಂತ ಅವಳೇ ಗುರುತು ಹಿಡಿಯಬಹುದು.