ಎಡಗಡೆಯ ಬೈಕು ‘ಎಲ್ಲಿಂದಲೋ’ ಬರುವುದಿಲ್ಲ

ಸೀಟು, ಸ್ಟೇರಿಂಗ್ ಹೊಂದಿಸಿಕೊಂಡ ಮೇಲೆ ಮಿರರ್ ಮುಟ್ಟಬೇಕು ಎನ್ನುವುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬಂದು ಮುಂದೆ ಓದಿ. ಈ ಸಲದ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ. ಬೇರೆ ಬೇರೆ ಊರುಗಳಿಂದ ಅದೇ ಅದೇ ಮಾತಿನಲ್ಲಿ ಬರುತ್ತಲೇ ಇದೆ.

ಪ್ರಶ್ನೆ: ಮೂರೂ ಮಿರರ್ ಸರಿಯಾಗಿಯೇ ಇಟ್ಟುಕೊಂಡಿದ್ದೇನೆ. ಆದರೂ ಎಡಕ್ಕೆ ತಿರುಗಿಸುವಾಗ ಬೈಕಿನವರು ಎಲ್ಲಿಂದಲೋ ಬಂದುಬಿಡುತ್ತಾರೆ. ಏನು ಮಾಡಲಿ? — ಬನಶಂಕರಿಯ ಓದುಗರು

ಎಲ್ಲಿಂದಲೋ ಅಲ್ಲ, ನಿಮ್ಮ ಹಿಂದಿನ ಚಕ್ರದ ಪಕ್ಕದಿಂದ. ಆತ ಅಲ್ಲಿಗೆ ಬಂದು ಎರಡು ಮೂರು ಸೆಕೆಂಡ್ ಆಗಿರುತ್ತದೆ, ನೀವು ನೋಡಿರುವುದಿಲ್ಲ ಅಷ್ಟೆ.

‘ಸರಿಯಾಗಿಯೇ’ ಎಂದಿದ್ದೀರಿ. ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟಂತೆ ಹಿಂದಿನ ಬಾಗಿಲಿನ ಹಿಡಿ ಕಾಣುವ ಹಾಗೆ ಇಟ್ಟಿರಬೇಕು. ಹಾಗಿಟ್ಟರೆ ಕನ್ನಡಿಯ ಕಾಲುಭಾಗಕ್ಕಿಂತ ಹೆಚ್ಚು ಜಾಗವನ್ನು ನಿಮ್ಮ ಕಾರೇ ತಿನ್ನುತ್ತದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಅಷ್ಟು ಕಾವಲು ಬೇಡ. ಉಳಿದ ಭಾಗದಲ್ಲಿ ಕಾಣುವುದೂ ಬಹುಪಾಲು ಒಳಗಿನ ಮಿರರ್ ಆಗಲೇ ತೋರಿಸಿದ ರಸ್ತೆಯೇ. ಮೂರು ಕನ್ನಡಿ ಇಟ್ಟುಕೊಂಡು ಒಂದೇ ಕಡೆ ನೋಡಿದ ಹಾಗಾಯಿತು.

ಇದಕ್ಕೆ ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಒಂದು ಪರಿಹಾರ ಬರೆದರು: ಪಕ್ಕದ ಕನ್ನಡಿಗಳನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿ. ನಮ್ಮ ಬಲಗಡೆ ಸ್ಟೇರಿಂಗಿಗೆ ಅದನ್ನು ಹೀಗೆ ಹೊಂದಿಸಬೇಕು. ಸಮನೆಲದಲ್ಲಿ ಕಾರು ನಿಲ್ಲಿಸಿ (ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಅಲ್ಲ). ತಲೆಯನ್ನು ಬಲಗಿಟಕಿಯ ಗಾಜಿಗೆ ತಾಗುವಷ್ಟು ವಾಲಿಸಿ, ಬಲ ಮಿರರಿನ ಒಳಅಂಚಿನಲ್ಲಿ ಕಾರಿನ ಮೈ ಕಂಡೂ ಕಾಣದಂತೆ ಇರುವವರೆಗೆ ಹೊರಕ್ಕೆ ತಿರುಗಿಸಿ. ಆಮೇಲೆ ಎರಡು ಸೀಟುಗಳ ನಡುವೆ, ಒಳಗಿನ ಮಿರರಿನ ನೇರ ಕೆಳಕ್ಕೆ ತಲೆ ತಂದು ಎಡದ್ದನ್ನೂ ಹಾಗೆಯೇ ಮಾಡಿ. ನೆಟ್ಟಗೆ ಕೂತಾಗ ಎರಡರಲ್ಲೂ ನಿಮ್ಮ ಕಾರು ಕಾಣುವುದಿಲ್ಲ. ಮೊದಲ ಎರಡು ದಿನ ಕಳವಳವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇಂಟರ್ನೆಟ್ಟಿನ ಪಂಡಿತರು ಇಷ್ಟಕ್ಕೇ ನಿಲ್ಲಿಸಿ ‘ಬ್ಲೈಂಡ್ ಸ್ಪಾಟ್’ (ಯಾವ ಕನ್ನಡಿಯಲ್ಲೂ ಕಾಣದ ಜಾಗ) ಮಾಯ ಎಂದು ಘೋಷಿಸಿಬಿಡುತ್ತಾರೆ. ಸಿಟ್ಟು ಬರುವುದು ಇಲ್ಲೇ. ಈ ಲೆಕ್ಕ ಹಾಕಿದ್ದು ಪಕ್ಕದ ಲೇನಿನಲ್ಲಿ ಕಾರು ಬರುವ ರಸ್ತೆಗೆ. ಕಾರು ಅಗಲ. ಒಂದು ಕನ್ನಡಿಯಿಂದ ಜಾರುವಷ್ಟರಲ್ಲಿ ಅದರ ಮೂತಿ ಇನ್ನೊಂದರಲ್ಲಿ ಸಿಕ್ಕಿರುತ್ತದೆ. ಬೈಕು ಹಾಗಲ್ಲ. ಕನ್ನಡಿಯನ್ನು ಅಷ್ಟು ಹೊರಕ್ಕೆ ತಿರುಗಿಸಿದರೆ ನಿಮ್ಮ ಹಿಂದಿನ ಬಂಪರಿನ ಎಡಮೂಲೆಯ ಹತ್ತಿರ, ಒಳಮಿರರ್ ನೋಟಕ್ಕೂ ಎಡಮಿರರ್ ನೋಟಕ್ಕೂ ನಡುವೆ, ಕಿರಿದಾದ ಒಂದು ಸಂದು ಉಳಿಯುತ್ತದೆ. ಸ್ಕೂಟರೊಂದು ಕಾರಿನ ಮೈಗೆ ಒರಗಿಕೊಂಡಂತೆ ಬಂದರೆ ಆ ಸಂದಿನಲ್ಲಿ ಆರಾಮವಾಗಿ ಅಡಗುತ್ತದೆ. ಹೊಸೂರು ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಲ್ಲಿ ದ್ವಿಚಕ್ರದವರು ಬರುವುದೇ ಹಾಗೆ.

ಹಾಗಾಗಿ ಊರೊಳಗೆ ಬಲ ಮಿರರ್ ಮೇಲೆ ಹೇಳಿದಂತೆ ಹೊರಕ್ಕಿರಲಿ. ಎಡದ್ದನ್ನು ಅಷ್ಟು ತೆರೆಯಬೇಡಿ. ನೆಟ್ಟಗೆ ಕೂತಾಗ ಅದರ ಒಳಅಂಚಿನಲ್ಲಿ ಕಾರಿನ ಮೈ ಒಂದು ಬೆರಳಗಲ ಕಾಣಲಿ, ಅದಕ್ಕಿಂತ ಹೆಚ್ಚು ಬೇಡ. ಮೇಲೆ ಕೆಳಗೆ ಹೊಂದಿಸುವಾಗ ದೂರದ ರಸ್ತೆ ಆಕಾಶಕ್ಕೆ ಕೂಡುವ ಗೆರೆ ಕನ್ನಡಿಯ ನಡುಮಧ್ಯಕ್ಕೆ ಬರಬೇಕು. ಪಾರ್ಕಿಂಗ್ ಗೆರೆ ನೋಡಲೆಂದು ಕೆಳಕ್ಕೆ ಬಗ್ಗಿಸಿ ಹಾಗೇ ಮರೆತು ಓಡಿಸುವವರು ಬಹಳ ಮಂದಿ. ಅವರಿಗೆ ಹಿಂದಿನ ಟೈರು ಚೆನ್ನಾಗಿ ಕಾಣುತ್ತದೆ, ಬೇರೇನೂ ಇಲ್ಲ.

ಹೀಗೆ ಇಟ್ಟರೆ ಎಡಗಡೆ ಪಕ್ಕದ ಲೇನಿನ ಒಂದು ಪಾಲು ಕನ್ನಡಿಗೆ ಸಿಗುವುದಿಲ್ಲ. ಸಿಗದಿರಲಿ, ಅದಕ್ಕೆ ಕತ್ತು ಇದೆ. ಪಕ್ಕದ ಲೇನಿನ ಕಾರನ್ನು ಎಡಭುಜದ ಮೇಲಿಂದ ಹಿಂದಿನ ಬಾಗಿಲಿನ ಗಾಜಿನಲ್ಲಿ ನೋಡಬಹುದು. ಬಂಪರಿಗೆ ಅಂಟಿಕೊಂಡ ಬೈಕನ್ನು ಕತ್ತು ತಿರುಗಿಸಿದರೂ ನೋಡಲಾಗುವುದಿಲ್ಲ, ಕಾರಿನ ಚಾವಣಿ ಹೊತ್ತ ಹಿಂದಿನ ಕಂಬ ಅಡ್ಡ ಬರುತ್ತದೆ. ಕತ್ತಿಗೆ ಸಿಗದ ಜಾಗ ಕನ್ನಡಿಯ ಪಾಲು, ಕನ್ನಡಿಗೆ ಸಿಗದ್ದು ಕತ್ತಿನ ಪಾಲು.

ಕತ್ತು ತಿರುಗಿಸುವುದಕ್ಕೂ ಒಂದು ಕ್ರಮವಿದೆ. ಒಳಮಿರರ್, ಎಡಮಿರರ್, ಇಂಡಿಕೇಟರ್, ಆಮೇಲೆ ಭುಜದ ಮೇಲಿನ ನೋಟ, ಕಡೆಗೆ ಸ್ಟೇರಿಂಗ್. ಇಂಡಿಕೇಟರಿಗೂ ಸ್ಟೇರಿಂಗಿಗೂ ನಡುವೆ ಮೂರು ಸೆಕೆಂಡಾದರೂ ಇರಲಿ. ‘ಇಂಡಿಕೇಟರ್ ಹಾಕಿದರೆ ಜಾಗ ಕೊಡುವುದಿಲ್ಲ, ಇನ್ನೂ ಮುಂದೆ ನುಗ್ಗುತ್ತಾರೆ’ ಎಂದು ಬರೆಯುವವರಿದ್ದಾರೆ. ನುಗ್ಗಲಿ ಬಿಡಿ, ನುಗ್ಗಿದವರು ಕಣ್ಣಿಗಾದರೂ ಬೀಳುತ್ತಾರೆ. ತಿರುಗಬೇಕಾದ್ದು ಕತ್ತು, ಮೈಯಲ್ಲ. ಭುಜ ತಿರುಗಿಸಿದರೆ ಕೈ ಜೊತೆಗೆ ಹೋಗುತ್ತದೆ, ಕಾರು ವಾಲುತ್ತದೆ. ನೋಟ ಒಂದು ಸೆಕೆಂಡಿಗಿಂತ ಕಡಿಮೆ ಇರಲಿ. 60 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೆ ಕಾರು ಸುಮಾರು 17 ಮೀಟರ್ ಹೋಗಿರುತ್ತದೆ. ಮುಂದಿನ ಗಾಡಿ ಅದಕ್ಕಿಂತ ಹತ್ತಿರವಿದ್ದರೆ ಮೊದಲು ಅಂತರ ಬಿಡಿ, ಆಮೇಲೆ ತಿರುಗಿ ನೋಡಿ.

ಎಡತಿರುವಿನ ವಿಷಯಕ್ಕೆ ಬಂದರೆ ಮಿರರಿಗಿಂತ ಮುಖ್ಯವಾದದ್ದು ಕಾರು ಇರುವ ಜಾಗ. ರಸ್ತೆಯ ನಡುವಿನಿಂದ ಸರಕ್ಕನೆ ಎಡಕ್ಕೆ ಎಳೆದರೆ ನಿಮ್ಮ ಎಡಕ್ಕೆ ಒಂದಲ್ಲ, ನಾಲ್ಕು ಬೈಕು ತೂರುವಷ್ಟು ದಾರಿ ಬಿಟ್ಟಿರುತ್ತೀರಿ. ತಿರುವಿಗೆ ಸುಮಾರು 50 ಮೀಟರ್ ಮೊದಲೇ ನೋಡಿಕೊಂಡು ಎಡಕ್ಕೆ ಸರಿದು, ಫುಟ್‌ಪಾತಿನ ಕಡೆ ಬೈಕು ತೂರದಷ್ಟು ಮಾತ್ರ ಜಾಗ ಉಳಿಸಿ. ಸಿಗ್ನಲ್ಲಿನಲ್ಲಿ ನಿಂತಿದ್ದರೆ ಹಸಿರು ಬಂದ ಕೂಡಲೇ ಹೊರಡಬೇಡಿ, ಎಡಕ್ಕೆ ಇನ್ನೊಮ್ಮೆ ನೋಡಿ. ನಿಂತಿದ್ದ ಅಷ್ಟು ಹೊತ್ತಿನಲ್ಲಿ ಮುಂದಿನ ಎಡಚಕ್ರದ ಪಕ್ಕಕ್ಕೆ ಯಾರಾದರೂ ಬಂದಿರುತ್ತಾರೆ.

ಹೊಂದಿಸಿದ್ದು ಸರಿಯೇ ಎಂದು ಊಹಿಸಬೇಡಿ, ಪರೀಕ್ಷಿಸಿ. ಕಾರು ನಿಲ್ಲಿಸಿ, ನೀವು ಒಳಗೆ ಕೂತಿರಿ. ಮನೆಯವರೊಬ್ಬರು ಸ್ಕೂಟರನ್ನು ಎಂಜಿನ್ ಆರಿಸಿ ತಳ್ಳಿಕೊಂಡು ಹಿಂದಿನಿಂದ ಕಾರಿನ ಪಕ್ಕ ಬರಲಿ, ಒಮ್ಮೆ ಅರ್ಧ ಮೀಟರ್ ದೂರದಲ್ಲಿ, ಇನ್ನೊಮ್ಮೆ ಒಂದೂವರೆ ಮೀಟರ್ ದೂರದಲ್ಲಿ. ಒಳಮಿರರಿನಿಂದ ಮರೆಯಾಗುವ ಮೊದಲೇ ಪಕ್ಕದ ಮಿರರಿನಲ್ಲಿ ಕಾಣಬೇಕು. ಅಲ್ಲಿಂದ ಜಾರಿದ ಜಾಗದಲ್ಲಿ ಕತ್ತು ತಿರುಗಿಸಿದರೆ ಸಿಗಬೇಕು. ಎರಡರಲ್ಲೂ ಸಿಗದ ಜಾಗ ಬಂದರೆ ಅಲ್ಲೇ ನಿಲ್ಲಲು ಹೇಳಿ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಹತ್ತು ನಿಮಿಷದ ಕೆಲಸ.

ಒಂದು ವಿನಾಯಿತಿ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಲ್ಲಿ ಎಡಮಿರರನ್ನೂ ಪೂರ್ತಿ ಹೊರಕ್ಕೆ ತೆರೆದಿಡಿ, ಪ್ಲಾಟ್ಜರ್ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ. ಊರಿಗೆ ಇಳಿಯುವ ಮೊದಲು ಒಳಕ್ಕೆ ತನ್ನಿ, ಅದೂ ಗಾಡಿ ನಿಲ್ಲಿಸಿ.

ಪ್ರಶ್ನೆ: ಮಿರರ್ ಮೇಲೆ ಅಂಟಿಸುವ ಗುಂಡು ಕನ್ನಡಿ ಹಾಕಿಸಲೇ? — ದಾವಣಗೆರೆ

ಹಾಕಿಸಿ, ಆದರೆ ನಂಬಬೇಡಿ. ನಮ್ಮಲ್ಲಿ ಬಹುತೇಕ ಕಾರುಗಳ ಎಡಮಿರರ್ ಮೊದಲೇ ಉಬ್ಬುಗನ್ನಡಿ, ಎಷ್ಟೋ ಕಾರುಗಳಲ್ಲಿ ಬಲದ್ದೂ ಅಷ್ಟೆ. ಅದರಲ್ಲೇ ಹತ್ತಿರದ ಲಾರಿ ದೂರ ಕಾಣುತ್ತದೆ. ಗುಂಡು ಕನ್ನಡಿ ಇನ್ನೂ ಉಬ್ಬು. ಅಲ್ಲಿ ಏನೋ ಇದೆ ಎಂದು ಹೇಳುತ್ತದೆ, ಎಷ್ಟು ದೂರ, ಎಷ್ಟು ವೇಗ ಎಂದು ಹೇಳುವುದಿಲ್ಲ. ಅಂಟಿಸುವುದಾದರೆ ನಿಮ್ಮ ಕಾರೇ ಕಾಣುವ ಒಳಗಿನ ಕೆಳಮೂಲೆಯಲ್ಲಿ ಅಂಟಿಸಿ. ನಡುಮಧ್ಯೆ ಅಂಟಿಸಿಕೊಡುವ ಅಂಗಡಿಯವರಿಗೆ ದುಡ್ಡು ಕೊಡಬೇಡಿ. ದೂರ ಅಳೆಯಲು ಒಳಗಿನ ಚಪ್ಪಟೆ ಮಿರರ್ ಬಳಸಿ: ನೀವು ಓವರ್‌ಟೇಕ್ ಮಾಡಿದ ಗಾಡಿಯ ಎರಡೂ ಹೆಡ್‌ಲೈಟ್ ಅದರಲ್ಲಿ ಕಂಡ ಮೇಲೆಯೇ ಎಡಕ್ಕೆ ಬನ್ನಿ.

ಒಳಗಿನ ಮಿರರಿನ ಮೇಲೆ ಸಿಕ್ಕಿಸುವ ಉದ್ದನೆಯ ‘ಪನೋರಮಿಕ್’ ಕನ್ನಡಿ ಮಾತ್ರ ಬೇಡವೇ ಬೇಡ. ಕಾರಿನಲ್ಲಿ ನಿಜವಾದ ದೂರ ತೋರಿಸುವ ಕನ್ನಡಿಯನ್ನೇ ಉಬ್ಬುಗನ್ನಡಿಯಿಂದ ಮುಚ್ಚುತ್ತೀರಿ. ರಾತ್ರಿ ಹಿಂದಿನವರ ಹೈಬೀಮ್ ತಗ್ಗಿಸಲು ಕೆಳಗಿರುವ ಲಿವರ್ ಕೂಡ ನಿಷ್ಪ್ರಯೋಜಕವಾಗುತ್ತದೆ.

ಪ್ರಶ್ನೆ: ಮಳೆಯಲ್ಲಿ ಮಿರರಿಗೆ ಆಲೂಗಡ್ಡೆ ಉಜ್ಜಿದರೆ ನೀರು ನಿಲ್ಲುವುದಿಲ್ಲವಂತೆ? — ಶಿವಮೊಗ್ಗ

ಆಲೂಗಡ್ಡೆ ಪಲ್ಯಕ್ಕೆ. ಗಾಜನ್ನು ನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಬಿಸಿಲಿಗೆ ಕಪ್ಪು ಸನ್‌ಫಿಲ್ಮ್ ಹಾಕಿಸಿದ್ದೇನೆ. ರಾತ್ರಿ ಸೈಡ್ ಮಿರರ್ ಮಬ್ಬು. — ಕಲಬುರಗಿ

ಮಿರರ್ ಮಬ್ಬಲ್ಲ, ನೀವು ಅದನ್ನು ನೋಡುತ್ತಿರುವ ಕಿಟಕಿ ಕಪ್ಪು. ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ 50, ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70 ಬೆಳಕು ದಾಟಬೇಕೆಂದು ನಿಯಮವೇ ಇದೆ. ಕಿತ್ತುಹಾಕಿಸಿ.

ಪ್ರಶ್ನೆ: ಬೈಕಿನವರು ತಾಗಿಸುತ್ತಾರೆಂದು ಎಡಮಿರರ್ ಮಡಚಿಟ್ಟುಕೊಳ್ಳುತ್ತೇನೆ. ತಪ್ಪೇ?

ತಪ್ಪು.

ಪ್ರಶ್ನೆ: ಹೊಸ ಕಾರಿನಲ್ಲಿ ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಇದೆ. ಇನ್ನೂ ಕತ್ತು ತಿರುಗಿಸಬೇಕೇ? — ಮಂಗಳೂರು

ಬೇಕು. ಈ ಸೆನ್ಸರುಗಳಿರುವುದು ಸಾಮಾನ್ಯವಾಗಿ ಹಿಂದಿನ ಬಂಪರಿನ ಎರಡು ಮೂಲೆಯಲ್ಲಿ. ಎಷ್ಟು ವೇಗ ದಾಟಿದ ಮೇಲೆ ಎಚ್ಚರವಾಗುತ್ತವೆ ಎನ್ನುವುದು ಕಾರಿನಿಂದ ಕಾರಿಗೆ ಬೇರೆ, ಮ್ಯಾನುಯಲ್ ತೆರೆದು ನೋಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಕೆಸರು ಮೆತ್ತಿದರೆ ಅವೂ ಕೈಕೊಡುತ್ತವೆ. ಊರೊಳಗೆ ಆ ದೀಪ ಎಷ್ಟು ಸಲ ಮಿನುಗುತ್ತದೆಂದರೆ ಕೆಲವು ದಿನಗಳಲ್ಲಿ ಅದು ಇದೆಯೆಂಬುದನ್ನೇ ಮರೆಯುತ್ತೀರಿ. ಇಂಡಿಕೇಟರ್ ಹಾಕಿದಾಗ ಪಕ್ಕದ ಚಿತ್ರವನ್ನೇ ಪರದೆಯ ಮೇಲೆ ತೋರಿಸುವ ಕ್ಯಾಮೆರಾ ಇದಕ್ಕಿಂತ ಎಷ್ಟೋ ಉಪಯುಕ್ತ, ಲೆನ್ಸ್ ಒರೆಸುತ್ತಿದ್ದರೆ.

ಪ್ರಶ್ನೆ: ನಾನು ಸ್ಕೂಟರ್ ಓಡಿಸುವವಳು. ಕಾರಿನವರಿಗೆ ಕಾಣಲು ಎಲ್ಲಿರಬೇಕು? — ಹುಬ್ಬಳ್ಳಿ

ಕಾರಿನವರು ಕೇಳಬೇಕಿದ್ದ ಪ್ರಶ್ನೆಯನ್ನು ನೀವು ಕೇಳಿದ್ದೀರಿ. ಕಾರಿನ ಹಿಂಬಾಗಿಲು, ಹಿಂಚಕ್ರದ ಪಕ್ಕದಲ್ಲಿ ಜೊತೆಜೊತೆಯಾಗಿ ಸಾಗಬೇಡಿ. ಒಂದೋ ಪೂರ್ತಿ ಹಿಂದೆ ಉಳಿಯಿರಿ, ಇಲ್ಲವೇ ಬಲಗಡೆಯಿಂದ ಬೇಗ ದಾಟಿ. ಅವರ ಮಿರರಿನಲ್ಲಿ ಡ್ರೈವರಿನ ಮುಖ ನಿಮಗೆ ಕಾಣುತ್ತಿಲ್ಲವೆಂದರೆ ನೀವೂ ಅವರಿಗೆ ಕಾಣುತ್ತಿಲ್ಲ. ಬಸ್ಸು, ಲಾರಿಯಾದರೆ ಎಡಗಡೆ ತೂರಲೇಬೇಡಿ. ಮುಂದಿನ ಎಡಮೂಲೆಯ ಕೆಳಗೆ, ಎತ್ತರದಲ್ಲಿ ಕೂತ ಡ್ರೈವರಿಗೆ ನೀವು ಕನ್ನಡಿಯಲ್ಲೂ ಇಲ್ಲ, ಗಾಜಿನಲ್ಲೂ ಇಲ್ಲ. ಹಾರ್ನ್ ಹೊಡೆದರೂ ಆ ಗದ್ದಲದಲ್ಲಿ ಎಲ್ಲಿಂದ ಬಂತೆಂದು ಅವರಿಗೆ ತಿಳಿಯುವುದಿಲ್ಲ.