ಒಲೆ ಬೇರೆಯಾದರೆ ಮೀಟರೂ ಬೇರೆ

ನಮ್ಮ ರಾಯಚೂರು ಕಡೆ ಕರೆಂಟ್ ಖರ್ಚು ಏರುತ್ತಲೇ ಇರುವುದು ಜನ ಜಾಸ್ತಿ ಆಗಿದ್ದಕ್ಕಾ ಅಂತ ಕೇಳಿದಿರಿ. ಸ್ವಲ್ಪ ಮಟ್ಟಿಗೆ ಹೌದು. ಆದರೆ ತಲೆ ಎಣಿಸಿದರೆ ಸಾಲದು, ಒಲೆ ಎಣಿಸಬೇಕು.

ನಮ್ಮ ಮನೆಯನ್ನೇ ನೋಡಿ. ಅಜ್ಜನ ಕಾಲದಲ್ಲಿ ಹದಿನಾಲ್ಕು ಜನ, ಒಂದು ಮೀಟರ್, ನಾಲ್ಕು ಬಲ್ಬು, ಪಡಸಾಲೆಯಲ್ಲೊಂದು ಫ್ಯಾನ್. ಆಮೇಲೆ ಪಾಲಾಯಿತು. ಒಲೆ ಮೂರಾಯಿತು, ಮೀಟರೂ ಮೂರಾಯಿತು. ಈಗ ಮೂರೂ ಮನೆ ಸೇರಿ ಹನ್ನೊಂದೇ ಜನ. ಫ್ರಿಜ್ ಮಾತ್ರ ಮೂರು, ಟಿವಿ ಮೂರು, ಫ್ಯಾನ್ ಎಷ್ಟೋ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಸುಮ್ನೆ ಹುಟ್ಟುವವರ ಮೇಲೆ ತಪ್ಪು ಹೊರಿಸಿದರೆ ಹೇಗೆ?

2023ರಲ್ಲಿ ಮನೆಗೆ ಪುಕ್ಕಟೆ ಕರೆಂಟ್ ಕೊಡುವ ಗೃಹಜ್ಯೋತಿ ಬಂದ ಮೇಲೆ ಪಾಲಾಗಿದ್ದೇ ಒಳ್ಳೆಯದಾಯಿತು ಅಂತ ಚಿಕ್ಕಪ್ಪ ನಗುತ್ತಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದೇ ಮೀಟರ್ ಇದ್ದಿದ್ದರೆ ಬೇಸಿಗೆಯಲ್ಲಿ ದಾಟಿಯೇ ದಾಟುತ್ತಿತ್ತು. ಮೂರಿರುವುದಕ್ಕೆ ಮೂವರಿಗೂ ಸೊನ್ನೆ.

ಇನ್ನೊಂದು ಕಾರಣ ಕೈಯಲ್ಲಿ ಓಡಾಡುವ ದುಡ್ಡು. ಗುಳೆ ಹೋದವರು ಬೆಂಗಳೂರಿನಲ್ಲಿ ದುಡಿದು ಉಗಾದಿಗೆ ಊರಿಗೆ ಬಂದರೆ ಮೊದಲು ಕೊಳ್ಳುವುದು ಕೂಲರ್. ನಮ್ಮ ಬಿಸಿಲು ನಿಮಗೆ ಗೊತ್ತಿಲ್ಲ, ರಾತ್ರಿಯೂ ಗೋಡೆ ಕಾಯ್ದಿರುತ್ತದೆ. ಕೂಲರ್ ಹತ್ತು ಗಂಟೆ ಓಡಿದರೆ ಹೆಚ್ಚುಕಡಿಮೆ ಎರಡು ಯೂನಿಟ್. ಒಂದು ಯೂನಿಟ್‌ಗೆ ಮುಕ್ಕಾಲು ಕಿಲೋ ಹತ್ತಿರ ಕಲ್ಲಿದ್ದಲು ಬೇಕು. ಕೂಲರ್ ಬರೀ ನೀರು ಕುಡಿಯುತ್ತದೆ ಅಂದುಕೊಂಡಿರುತ್ತೇವೆ, ರಾತ್ರಿಗೆ ಒಂದೂವರೆ ಕಿಲೋ ಕಲ್ಲಿದ್ದಲನ್ನೂ ತಿನ್ನುತ್ತದೆ. ಅದನ್ನು ಸುಡುವ ಜಾಗವೂ ದೂರವಿಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಲ್ಲಿ 1985ರಿಂದ ಒಲೆ ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವ್ಯಾಟ್.

ಆ ಹೊಳೆ ದಾಟಿದರೆ ತೆಲಂಗಾಣ. ನಮ್ಮ ಬೀಗರೆಲ್ಲ ಆ ಕಡೆಯವರು. 2018ರ ಜನವರಿ 1ರಿಂದ ಅಲ್ಲಿ ಹೊಲಕ್ಕೆ 24 ಗಂಟೆ ಪುಕ್ಕಟೆ ಕರೆಂಟ್ ಶುರುವಾಯಿತು. ಇಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಪುಕ್ಕಟೆಯೇ, ಆದರೆ ಪಂಪ್ ಓಡಿಸುವ ತ್ರೀಫೇಸ್ ಕರೆಂಟ್ ಬರುವುದು ಪಾಳಿಯಲ್ಲಿ, ಎಷ್ಟೋ ಸಲ ಅಪರಾತ್ರಿ. ಅದಕ್ಕೇ ಆಟೋ ಸ್ಟಾರ್ಟರ್ ಹಾಕುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರು ತಾನೇ ಎದ್ದು ಕೂಗುತ್ತದೆ. ರೈತ ಏಳುವುದಿಲ್ಲ. ಮಡಿ ತುಂಬಿ ನೀರು ದಾರಿಗೆ ಹರಿಯುತ್ತದೆ. ಬಿಲ್ ಬರುವಂತಿದ್ದರೆ ಎದ್ದು ಹೋಗುತ್ತಿದ್ದರು, ಅಲ್ವಾ? ನಾನೂ ಎದ್ದವನಲ್ಲ ಬಿಡಿ.

ಅಡುಗೆಯದ್ದು ಯಾವ ಮೀಟರಿಗೂ ಸಿಗದ ಲೆಕ್ಕ. 2016ರ ಉಜ್ವಲ ಯೋಜನೆ ಬಂದ ಮೇಲೆ ಗ್ಯಾಸ್ ಮನೆಮನೆಗೂ ಬಂತು. ಹಾಗಂತ ಕಟ್ಟಿಗೆ ಬಿಟ್ಟಿಲ್ಲ. ಸಾರು, ಚಹಾ ಗ್ಯಾಸಿನ ಮೇಲೆ. ಸ್ನಾನದ ನೀರು ಹಿತ್ತಿಲಲ್ಲಿ, ಹತ್ತಿ ಕಟ್ಟಿಗೆಯಲ್ಲಿ. ಸಿಲಿಂಡರ್ ತುಟ್ಟಿಯಾದ ತಿಂಗಳು ರೊಟ್ಟಿಯೂ ಹಿತ್ತಿಲಿಗೇ ಹೋಗುತ್ತದೆ. ಆ ಒಲೆ ಮಾತ್ರ ಇನ್ನೂ ಪಾಲಾಗಿಲ್ಲ, ಮೂರೂ ಮನೆಗೆ ಒಂದೇ.